ಜೈಲಿನಿಂದ ಕರೆ ಬರುವ ಮೊದಲೇ: ಕರ್ನಾಟಕದ ಅರಿವಳಿಕೆ ವೈದ್ಯರಿಗೆ ಒಂದು ಬಹಿರಂಗ ಪತ್ರ



ಆಪರೇಷನ್ ಮುಗಿಸಿಕೊಂಡು ರೋಗಿ ಮನೆಗೆ ಹೊರಟ ದಿನ ಸಿಹಿ ಡಬ್ಬಿ ಸರ್ಜನ್ ಮೇಜಿಗೆ ಹೋಗುತ್ತದೆ. ತಲೆಯ ಬಳಿ ನಿಂತು ಒಂದೊಂದು ಉಸಿರನ್ನೂ ಕಾದ ನಮ್ಮ ಮುಖ ಅವರಿಗೆ ನೆನಪಿರುವುದಿಲ್ಲ. ಇದು ದೂರಲ್ಲ. ನಮ್ಮ ಕೆಲಸ ಸರಿಯಾಗಿ ನಡೆದರೆ ಯಾರಿಗೂ ಗೊತ್ತಾಗುವುದಿಲ್ಲ, ಅದಕ್ಕೆ ನಾವೆಲ್ಲ ಒಗ್ಗಿಕೊಂಡಿದ್ದೇವೆ. ಆದರೆ ಸುಪ್ರೀಂ ಕೋರ್ಟಿನಲ್ಲಿ ಕೆಲವು ವರ್ಷಗಳಿಂದ ಒಂದು ಮೊಕದ್ದಮೆ ನಡೆಯುತ್ತಾ ಬಂದಿದೆ. ಅಲ್ಲಿ ನಮ್ಮ ಹೆಸರನ್ನು ಯಾರೂ ಎತ್ತುವುದಿಲ್ಲ, ಮಾತು ಮಾತ್ರ ನಮ್ಮ ಕೈಕೆಲಸದ ಸುತ್ತಲೇ. ಈ ಸಲ ಸುಮ್ಮನಿದ್ದರೆ ಆಗದು ಅನ್ನಿಸಿ ಬರೆಯುತ್ತಿದ್ದೇನೆ.

ವಿಷಯ ನಿಮಗೆ ಪತ್ರಿಕೆಗಳಿಂದ ಗೊತ್ತಿರಬಹುದು. ನೇಣು ಹಾಕುವುದು ಕ್ರೂರ, ಹಳೆಯ ಕಾಲದ್ದು. ಅದರ ಬದಲು ಇಂಜೆಕ್ಷನ್‌ನಂಥ ಬೇರೆ ದಾರಿ ಬೇಕು, ಕೊನೆಗೆ ಕೈದಿಗೆ ಆಯ್ಕೆಯನ್ನಾದರೂ ಕೊಡಿ ಎಂದು 2017ರಲ್ಲಿ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ಸಲ್ಲಿಕೆಯಾಯಿತು. ನೇಣು ಸಂವಿಧಾನಕ್ಕೆ ವಿರುದ್ಧವಲ್ಲ ಎಂದು 1983ರಲ್ಲೇ ದೀನಾ ಪ್ರಕರಣದಲ್ಲಿ ಇದೇ ಕೋರ್ಟು ಹೇಳಿತ್ತು. 2023ರಲ್ಲಿ ನ್ಯಾಯಪೀಠ ತಜ್ಞರ ಸಮಿತಿಯ ಮಾತೆತ್ತಿತು. 2025ರ ಅಕ್ಟೋಬರಿನಲ್ಲಿ, ಹೀಗೆ ಆಯ್ಕೆ ಕೊಡುವುದು ಕಾರ್ಯಸಾಧ್ಯವಲ್ಲ ಎಂದು ಕೇಂದ್ರ ಸರ್ಕಾರ ಹೇಳಿದಾಗ, ಕಾಲಕ್ಕೆ ತಕ್ಕಂತೆ ಬದಲಾಗಲು ಸರ್ಕಾರ ತಯಾರಿಲ್ಲ ಎಂದು ನ್ಯಾಯಮೂರ್ತಿಗಳು ಬೇಸರಪಟ್ಟರು. ಇದಕ್ಕೂ ಮೊದಲು, 2003ರಲ್ಲಿ, ಕಾನೂನು ಆಯೋಗ ತನ್ನ 187ನೇ ವರದಿಯಲ್ಲಿ ನೇಣಿನ ಜೊತೆಗೆ ಇಂಜೆಕ್ಷನ್‌ಗೂ ಕಾನೂನಿನಲ್ಲಿ ಜಾಗ ಕೊಡಿ ಎಂದು ಶಿಫಾರಸು ಮಾಡಿತ್ತು. ಅಂದರೆ ಈ ವಿಚಾರ ಸುಲಭಕ್ಕೆ ಸಾಯುವಂಥದ್ದಲ್ಲ. ಇಂದು ತಳ್ಳಿಹಾಕಿದರೆ ಇನ್ನೊಂದು ದಿನ ಇನ್ನೊಂದು ಅರ್ಜಿಯಾಗಿ ಬರುತ್ತದೆ.

ನಮ್ಮ ರಾಜ್ಯದ ಗಲ್ಲುಗಂಬ ಇರುವುದು ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ. ಕಾನೂನು ಬದಲಾಯಿತು ಅಂದುಕೊಳ್ಳಿ. ಜೈಲು ಸೂಪರಿಂಟೆಂಡೆಂಟರ ಪತ್ರ ಯಾರಿಗೆ ಬರುತ್ತದೆ? ಸರ್ಕಾರಿ ಆಸ್ಪತ್ರೆಗೆ. ಅಲ್ಲಿಂದ ಅರಿವಳಿಕೆ ವಿಭಾಗಕ್ಕೆ. ವಿಭಾಗದ ಮುಖ್ಯಸ್ಥರು ತಾವೇ ಹೊರಡುತ್ತಾರೆ ಎಂದು ನನಗೇನೂ ಅನಿಸುವುದಿಲ್ಲ. ಡ್ಯೂಟಿ ಪಟ್ಟಿಯಲ್ಲಿ ಕೊನೆಯ ಹೆಸರು ಯಾರದೋ ಅವರಿಗೆ ಬರುತ್ತದೆ, ಬಹುಶಃ ಬಾಂಡ್ ಅವಧಿ ಮುಗಿಸಲು ದಿನ ಎಣಿಸುತ್ತಿರುವ ಒಬ್ಬ ಸೀನಿಯರ್ ರೆಸಿಡೆಂಟ್‌ಗೆ. ಆ ಹುಡುಗನೋ ಹುಡುಗಿಯೋ ಆಗ ಏನು ಹೇಳಬೇಕು, ಯಾವ ಕಾಗದ ತೋರಿಸಿ ಹೇಳಬೇಕು ಎಂಬುದೇ ಈ ಪತ್ರದ ವಿಷಯ.

ಗಲ್ಲು ಶಿಕ್ಷೆ ಇರಬೇಕೇ ಬೇಡವೇ ಎಂಬ ಜಗಳಕ್ಕೆ ನಾನು ಇಲ್ಲಿ ಇಳಿಯುವುದಿಲ್ಲ. ನಿಮ್ಮಲ್ಲಿ ಎರಡೂ ಕಡೆಯವರು ಇದ್ದೀರಿ. 2020ರ ಮಾರ್ಚ್ 20ರ ಬೆಳಗಿನ ಜಾವ ತಿಹಾರ್ ಜೈಲಿನಲ್ಲಿ ನಾಲ್ವರನ್ನು ನೇಣಿಗೇರಿಸಿದ ಸುದ್ದಿ ಬಂದಾಗ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಕೈಮುಗಿದ ಚಿತ್ರ ಹಾಕಿದವರೂ ಇದ್ದರು, ಮೌನವಾಗಿದ್ದವರೂ ಇದ್ದರು. ಗಲ್ಲು ಬೇಕು ಎನ್ನುವ ಅರಿವಳಿಕೆ ವೈದ್ಯರು ಕೂಡ ತಮ್ಮ ಸಿರಿಂಜನ್ನು ಅದಕ್ಕೆ ಕೊಡಬಾರದು. ನನ್ನ ವಾದ ಇಷ್ಟೇ. ಆಗ ಗಲ್ಲನ್ನು ಒಪ್ಪಿದ್ದ ದೇಶಗಳ ವೈದ್ಯರೇ ಹಿಂದೆ ಈ ಮಾತನ್ನು ಹೇಳಿದ್ದಾರೆ.

1880ರ ದಶಕದಲ್ಲಿ ನ್ಯೂಯಾರ್ಕ್ ರಾಜ್ಯ ನೇಣಿಗೆ ಪರ್ಯಾಯ ಹುಡುಕಲು ಒಂದು ಆಯೋಗ ಮಾಡಿತ್ತು. ಮಾರ್ಫಿನ್ ಇಂಜೆಕ್ಷನ್ ಕೊಟ್ಟು ಸಾಯಿಸಬಹುದಲ್ಲ ಎಂಬ ಸಲಹೆ ಅದರ ಮುಂದೆಯೂ ಬಂತು. ಆಗಿನ್ನೂ ಸಿರಿಂಜು ಜನರಿಗೆ ಹೊಸದು. ಸಾವಿನ ಜೊತೆ ಅದರ ಹೆಸರು ತಳುಕು ಹಾಕಿಕೊಂಡರೆ ರೋಗಿಗಳು ಸೂಜಿಗೇ ಹೆದರುತ್ತಾರೆ ಎಂದು ವೈದ್ಯರು ವಿರೋಧಿಸಿದರು. ಆಯೋಗ 1888ರಲ್ಲಿ ವಿದ್ಯುತ್ತನ್ನು ಆರಿಸಿತು. ಬ್ರಿಟನ್ನಿನಲ್ಲಿ 1949ರಿಂದ 1953ರವರೆಗೆ ಕೂತ ರಾಯಲ್ ಕಮಿಷನ್ ಕೂಡ ಇಂಜೆಕ್ಷನ್ ವಿಚಾರವನ್ನು ಗಂಭೀರವಾಗಿಯೇ ನೋಡಿತು. ವೈದ್ಯರು ಇದರಲ್ಲಿ ಕೈಹಾಕುವುದಿಲ್ಲ ಎಂದು ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಸಾಕ್ಷ್ಯ ನುಡಿಯಿತು. ಕಮಿಷನ್ ಅದನ್ನು ಶಿಫಾರಸು ಮಾಡಲಿಲ್ಲ. ಎರಡೂ ಕಡೆ ಮರಣದಂಡನೆ ಮುಂದುವರಿಯಿತು, ವೈದ್ಯರ ಸಿರಿಂಜು ಹೊರಗುಳಿಯಿತು.

1977ರಲ್ಲಿ ಒಕ್ಲಹೋಮಾದಲ್ಲಿ ನಡೆದದ್ದು ಬೇರೆಯೇ ಕಥೆ. ಹತ್ತು ವರ್ಷದ ಬಿಡುವಿನ ನಂತರ ಅಮೆರಿಕದಲ್ಲಿ ಮರಣದಂಡನೆ ಆಗಷ್ಟೇ ಮತ್ತೆ ಶುರುವಾಗಿತ್ತು. ಬಿಲ್ ವೈಸ್‌ಮನ್ ಎಂಬ ಶಾಸಕ ವಿದ್ಯುತ್ ಕುರ್ಚಿಗಿಂತ ಮೃದುವಾದದ್ದೇನಾದರೂ ಬೇಕೆಂದು ಮೊದಲು ಹೋದದ್ದು ರಾಜ್ಯದ ವೈದ್ಯಕೀಯ ಸಂಘಕ್ಕೆ. ಸಂಘ ಒಲ್ಲೆ ಎಂದಿತು. ಆಮೇಲೆ ಜೇ ಚ್ಯಾಪ್‌ಮನ್ ಸಿಕ್ಕಿದರು. ಅವರು ರಾಜ್ಯದ ಮುಖ್ಯ ಶವಪರೀಕ್ಷಾ ವೈದ್ಯರು. ಸತ್ತವರ ವಿಷಯದಲ್ಲಿ ತಜ್ಞ, ಸಾಯಿಸುವ ವಿಷಯದಲ್ಲಿ ಅಲ್ಲ ಎಂದು ಅವರೇ ಒಪ್ಪಿಕೊಂಡಿದ್ದರು. ಆದರೂ ಸೂತ್ರ ಹೇಳಿಬಿಟ್ಟರು: ಡ್ರಿಪ್ ಹಾಕಿ, ಅದರಲ್ಲಿ ವೇಗವಾಗಿ ಕೆಲಸ ಮಾಡುವ ಒಂದು ಬಾರ್ಬಿಚುರೇಟ್ ಬಿಡಿ, ಹಿಂದೆಯೇ ಸ್ನಾಯುಗಳನ್ನು ಸ್ತಬ್ಧಗೊಳಿಸುವ ಔಷಧ ಬಿಡಿ. ಪೊಟ್ಯಾಸಿಯಂ ಕ್ಲೋರೈಡ್ ಆಮೇಲೆ ಸೇರಿತು. ಪ್ರಯೋಗವಿಲ್ಲ, ಅಧ್ಯಯನವಿಲ್ಲ, ಯಾವ ಜರ್ನಲ್ಲೂ ಇಲ್ಲ. ನಮ್ಮಲ್ಲಿ ಹೊಸ ಬ್ಲಾಕ್ ಒಂದನ್ನು ಶುರು ಮಾಡಬೇಕಾದರೂ ಎಥಿಕ್ಸ್ ಕಮಿಟಿಗೆ ಎಷ್ಟು ಕಾಗದ ಕೊಡಬೇಕು ನೋಡಿ! ಒಕ್ಲಹೋಮಾದ ಸೂತ್ರವನ್ನು ಬೇರೆ ರಾಜ್ಯಗಳು ಒಂದರ ಹಿಂದೊಂದು ನಕಲು ಮಾಡಿದವು. 1982ರ ಡಿಸೆಂಬರ್ 7ರಂದು ಟೆಕ್ಸಾಸ್ ಅದನ್ನು ಮೊದಲ ಸಲ ಚಾರ್ಲ್ಸ್ ಬ್ರೂಕ್ಸ್ ಎಂಬ ಕೈದಿಯ ಮೇಲೆ ಬಳಸಿತು. ವೈಸ್‌ಮನ್ ಮುಂದೆ ಪಾದ್ರಿಯಾದರು, ತಾನು ತಂದ ಮಸೂದೆಗೆ ಪಶ್ಚಾತ್ತಾಪಪಟ್ಟರು.

ಈ ಮೂರು ಔಷಧಗಳನ್ನು ಹೊರಗಿನವರು ಕೇಳಿದರೆ ಏನೋ ಶಾಂತವಾದ ವ್ಯವಸ್ಥೆ ಅನ್ನಿಸುತ್ತದೆ. ನಮಗೆ ಹಾಗೆ ಅನ್ನಿಸಲು ಸಾಧ್ಯವೇ? ಥಯೋಪೆಂಟೋನ್ ಕೊಟ್ಟು ಮಲಗಿಸುವುದು ನಮಗೆ ಗೊತ್ತು. ಕೆ.ಜಿ.ಗೆ ಮೂರರಿಂದ ಐದು ಮಿಲಿಗ್ರಾಂ ಸಾಕು, ಅವರು ಕೊಡುತ್ತಿದ್ದದ್ದು ಎರಡರಿಂದ ಐದು ಗ್ರಾಂ. ಇಷ್ಟು ಕೊಟ್ಟ ಮೇಲೆ ಎಚ್ಚರವೆಲ್ಲಿಯದು ಎಂದು ವಕೀಲರು ಕೇಳುತ್ತಾರೆ. ಔಷಧ ರಕ್ತನಾಳದ ಒಳಗೆ ಹೋದರೆ ಆ ಮಾತು ನಿಜ. ಕ್ಯಾನುಲಾ ಸ್ವಲ್ಪ ಜಾರಿ ಮಾಂಸಕ್ಕೆ ಇಳಿದರೆ? ಥಯೋಪೆಂಟೋನ್ ಹಿಂದೆಯೇ ಲೈನನ್ನು ಸರಿಯಾಗಿ ಫ್ಲಶ್ ಮಾಡದೆ ವೆಕ್ಯುರೋನಿಯಂ ಬಿಟ್ಟರೆ ಟ್ಯೂಬಿನಲ್ಲೇ ಬೆಳ್ಳಗೆ ಗರಣೆ ಕಟ್ಟುವುದನ್ನು ಪಿ.ಜಿ. ಮಾಡುವಾಗ ನೋಡದವರು ನಮ್ಮಲ್ಲಿ ಯಾರಿದ್ದಾರೆ? ಇನ್ನೊಂದು ವಿಷಯ ನನ್ನನ್ನು ಹೆಚ್ಚು ಕಾಡುತ್ತದೆ. ಮರಣದಂಡನೆಯ ಕೋಣೆಗಳಲ್ಲಿ ಔಷಧ ಬಿಡುವವರು ಕೈದಿಯ ಪಕ್ಕದಲ್ಲಿ ನಿಲ್ಲುವುದಿಲ್ಲ. ಗೋಡೆಯ ಆಚೆ ಬದಿಯಲ್ಲಿ ನಿಂತು ಉದ್ದನೆಯ ಟ್ಯೂಬಿನ ಮೂಲಕ ಒತ್ತುತ್ತಾರೆ. ರೆಪ್ಪೆಯನ್ನು ಮುಟ್ಟಿ ನೋಡುವವರಿಲ್ಲ. ಕೈ ಊದಿಕೊಂಡಿತೇ ಎಂದು ಒತ್ತಿ ನೋಡುವವರಿಲ್ಲ. ನಮ್ಮ ಔಷಧಗಳೆಲ್ಲ ಅಲ್ಲಿವೆ, ನಮ್ಮ ಕೆಲಸದ ಅರ್ಧವಾದ ಎಚ್ಚರ ಮಾತ್ರ ಇಲ್ಲ.

ಎರಡನೆಯ ಔಷಧಕ್ಕೆ ಬರೋಣ. ಪ್ಯಾನ್‌ಕ್ಯುರೋನಿಯಂ ಯಾಕೆ ಬೇಕು? ಸಾಯಿಸಲು ಅದು ಬೇಕಾಗಿಲ್ಲ, ಬಾರ್ಬಿಚುರೇಟೇ ಸಾಕು. ನೋವು ಕಡಿಮೆ ಮಾಡಲೂ ಅಲ್ಲ. ಗಾಜಿನಾಚೆ ಕೂತ ಸಾಕ್ಷಿಗಳಿಗೆ ಕೈಕಾಲು ಒದರಾಟ ಕಾಣದಿರಲಿ ಎಂಬುದೇ ಅದರ ಮುಖ್ಯ ಉಪಯೋಗ. ಮೊದಲ ಔಷಧ ಕೈಕೊಟ್ಟಿದ್ದರೆ ಕೈದಿ ಎಚ್ಚರವಿದ್ದು, ಉಸಿರಾಡಲಾಗದೆ, ಬೆರಳು ಸಹ ಅಲ್ಲಾಡಿಸಲಾಗದೆ, ಪೊಟ್ಯಾಸಿಯಂ ನಾಳವನ್ನು ಸುಡುವುದನ್ನು ಅನುಭವಿಸುತ್ತಾ ಇರುತ್ತಾನೆ. ಹೊರಗೆ ಅವನ ಮುಖ ನಿದ್ದೆಯ ಮುಖದಂತೆಯೇ ಇರುತ್ತದೆ. ಆಪರೇಷನ್ ಮಧ್ಯೆ ಎಚ್ಚರವಾಗಿತ್ತು, ಎಲ್ಲ ಕೇಳುತ್ತಿತ್ತು, ಆದರೆ ಹೇಳಲು ಆಗುತ್ತಿರಲಿಲ್ಲ ಎಂದು ರೋಗಿಯೊಬ್ಬರು ಮಾರನೆಯ ದಿನ ಹೇಳುವುದಕ್ಕಿಂತ ದೊಡ್ಡ ಭಯ ನಮ್ಮ ವೃತ್ತಿಯಲ್ಲಿ ಇನ್ನೊಂದಿಲ್ಲ. ಅಲ್ಲಿ ಮಾರನೆಯ ದಿನವೇ ಇಲ್ಲವಾದ್ದರಿಂದ ದೂರು ಬರುವುದಿಲ್ಲ. ಪಶುವೈದ್ಯರು ನಾಯಿಯೊಂದನ್ನು ದಯೆಯಿಂದ ಸಾಯಿಸಬೇಕಾದರೆ ಇಂಥ ಮಿಶ್ರಣ ಸಲ್ಲದು ಎಂದು ಅಮೆರಿಕದ ಪಶುವೈದ್ಯರ ಸಂಘದ ತಜ್ಞರು 2000ನೇ ಇಸವಿಯಷ್ಟು ಹಿಂದೆಯೇ ಹೇಳಿದ್ದರು.

2005ರಲ್ಲಿ ಲ್ಯಾನ್ಸೆಟ್‌ನಲ್ಲಿ ಒಂದು ಅಧ್ಯಯನ ಬಂತು. ಇಂಜೆಕ್ಷನ್‌ನಿಂದ ಸತ್ತ 49 ಕೈದಿಗಳ ರಕ್ತವನ್ನು ನೋಡಿದಾಗ 43 ಮಂದಿಯಲ್ಲಿ ಥಯೋಪೆಂಟೋನ್ ಪ್ರಮಾಣ ಆಪರೇಷನ್ನಿಗೆ ಬೇಕಾದಷ್ಟೂ ಇರಲಿಲ್ಲ. 21 ಮಂದಿಗೆ ಎಚ್ಚರವಿದ್ದಿರಬಹುದಾದಷ್ಟು ಕಡಿಮೆ. ಸತ್ತ ಮೇಲೆ ಔಷಧ ರಕ್ತದಿಂದ ಅಂಗಾಂಶಕ್ಕೆ ಹರಡಿಕೊಳ್ಳುತ್ತದೆ, ಹಾಗಾಗಿ ಈ ಲೆಕ್ಕ ನಂಬಲಾಗದು ಎಂದು ಟೀಕೆ ಬಂತು. ಆ ಟೀಕೆಯಲ್ಲಿ ಹುರುಳಿದೆ. ಅಷ್ಟಾದರೂ 2020ರಲ್ಲಿ ಅಮೆರಿಕದ ಎನ್‌ಪಿಆರ್ ರೇಡಿಯೊ ಇನ್ನೂರಕ್ಕೂ ಹೆಚ್ಚು ಶವಪರೀಕ್ಷಾ ವರದಿಗಳನ್ನು ತಜ್ಞರಿಗೆ ತೋರಿಸಿದಾಗ ಶೇ. 84ರಲ್ಲಿ ಶ್ವಾಸಕೋಶಕ್ಕೆ ನೀರು ತುಂಬಿದ ಗುರುತು ಸಿಕ್ಕಿತು. ಪಲ್ಮನರಿ ಎಡಿಮಾ ಬಂದ ರೋಗಿ ಹಾಸಿಗೆಯಲ್ಲಿ ಎದ್ದು ಕೂತು ಗಾಳಿಗಾಗಿ ಬಾಯಿಬಿಡುವುದು ಹೇಗಿರುತ್ತದೆಂದು ನಿಮಗೆ ನಾನು ವಿವರಿಸಬೇಕಾಗಿಲ್ಲ.

ಇನ್ನು ರಕ್ತನಾಳ ಸಿಗದ ಕಥೆಗಳು. ಓಹಿಯೋದಲ್ಲಿ 2009ರ ಸೆಪ್ಟೆಂಬರಿನಲ್ಲಿ ರೊಮೆಲ್ ಬ್ರೂಮ್ ಎಂಬ ಕೈದಿಗೆ ಎರಡು ಗಂಟೆ ಕಾಲ ಚುಚ್ಚಿ ಚುಚ್ಚಿ ನೋಡಿ, ಕೊನೆಗೆ ಕೈಬಿಟ್ಟು ಸೆಲ್‌ಗೆ ವಾಪಸ್ ಕಳಿಸಿದರು. ಆತ ಮುಂದೆ 2020ರಲ್ಲಿ ಸತ್ತ, ಜೈಲಿನಲ್ಲೇ. ಐಡಾಹೋದಲ್ಲಿ 2024ರ ಫೆಬ್ರವರಿಯಲ್ಲಿ ಎಪ್ಪತ್ತು ದಾಟಿದ ಥಾಮಸ್ ಕ್ರೀಚ್‌ಗೆ ಎಂಟು ಕಡೆ ಪ್ರಯತ್ನಿಸಿದರೂ ಲೈನ್ ನಿಲ್ಲಲಿಲ್ಲ. ಮರುವರ್ಷ ಆ ರಾಜ್ಯ ಗುಂಡು ಹೊಡೆಯುವುದನ್ನೇ ಮುಖ್ಯ ವಿಧಾನವಾಗಿ ಮಾಡುವ ಕಾನೂನು ತಂದಿತು. ಅಲಬಾಮಾ 2022ರಲ್ಲಿ ಕೆನೆತ್ ಸ್ಮಿತ್‌ಗೆ ಸೂಜಿ ಹಾಕಲಾಗದೆ ಸೋತು, 2024ರ ಜನವರಿಯಲ್ಲಿ ನೈಟ್ರೋಜನ್ ಅನಿಲ ಬಳಸಿತು. ಇಂಜೆಕ್ಷನ್ ಎಂದರೆ ಆಧುನಿಕ ಎಂದು ದೆಹಲಿಯಲ್ಲಿ ವಾದಿಸುವವರು, ಇಂಜೆಕ್ಷನ್ ಹುಟ್ಟಿದ ದೇಶ ಅಲ್ಲಿಂದ ಗುಂಡಿಗೂ ಅನಿಲಕ್ಕೂ ಹಿಂದಿರುಗುತ್ತಿರುವುದನ್ನು ಗಮನಿಸಿದಂತಿಲ್ಲ. ಅಮೆರಿಕದ 23 ರಾಜ್ಯಗಳಲ್ಲಿ ಮರಣದಂಡನೆಯೇ ಇಲ್ಲ ಎಂಬುದನ್ನೂ. ಆಸ್ಟಿನ್ ಸರಾಟ್ ಎಂಬ ವಿದ್ವಾಂಸರು 1890ರಿಂದ 2010ರವರೆಗಿನ ಅಮೆರಿಕದ ಮರಣದಂಡನೆಗಳನ್ನು ಲೆಕ್ಕ ಹಾಕಿದಾಗ ಎಡವಟ್ಟಾದ ಪ್ರಮಾಣ ನೇಣಿನಲ್ಲಿ ಸುಮಾರು ಶೇ. 3, ಇಂಜೆಕ್ಷನ್‌ನಲ್ಲಿ ಶೇ. 7.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಯಾರಾದರೂ ಒಂದು ಮಾತು ಹೇಳಿಯೇ ಹೇಳುತ್ತೀರಿ. ನನಗೂ ಆ ಮಾತು ಸುಲಭಕ್ಕೆ ತಳ್ಳಿಹಾಕುವಂಥದ್ದಲ್ಲ. “ಸರ್, ಕೈಬರದವರು ಮಾಡಿದ್ದಕ್ಕೇ ಇದೆಲ್ಲ ಆಯಿತು. ನಾವು ಹೋದರೆ ಎರಡು ನಿಮಿಷದಲ್ಲಿ ಲೈನ್ ಹಾಕುತ್ತೇವೆ, ಅಲ್ಟ್ರಾಸೌಂಡ್ ಇಟ್ಟು ಸೆಂಟ್ರಲ್ ಲೈನ್ ಹಾಕುತ್ತೇವೆ, ಅವನಿಗೆ ನೋವಾಗದ ಹಾಗೆ ನೋಡಿಕೊಳ್ಳುತ್ತೇವೆ. ಹೇಗೂ ಸಾಯುವವನು. ನಾವು ದೂರ ನಿಂತು ಕೈ ತೊಳೆದುಕೊಂಡರೆ ನರಳುವವನು ಅವನಲ್ಲವೇ?”

ಈ ಪ್ರಶ್ನೆಯನ್ನು 2006ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ಅರಿವಳಿಕೆ ವೈದ್ಯರ ಮುಂದೆ ಒಂದು ಕೋರ್ಟೇ ಇಟ್ಟಿತ್ತು. ಮೈಕಲ್ ಮೊರಾಲೆಸ್ ಎಂಬ ಕೈದಿಯ ಪ್ರಕರಣ. ಒಂದೋ ಬಾರ್ಬಿಚುರೇಟ್ ಮಾತ್ರ ಬಳಸಿ, ಇಲ್ಲವೇ ಕೈದಿಗೆ ಎಚ್ಚರವಿಲ್ಲವೆಂದು ನೋಡಿಕೊಳ್ಳಲು ಅರಿವಳಿಕೆ ತಜ್ಞರನ್ನು ಕೋಣೆಯಲ್ಲಿ ಇಡಿ ಎಂದು ನ್ಯಾಯಾಧೀಶ ಜೆರೆಮಿ ಫೋಗೆಲ್ ಆದೇಶಿಸಿದರು. ಇಬ್ಬರು ಒಪ್ಪಿ ಬಂದರು. ಪಕ್ಕದಲ್ಲಿ ನಿಂತು ನೋಡುವುದಷ್ಟೇ ತಮ್ಮ ಕೆಲಸ ಎಂದುಕೊಂಡಿದ್ದರು. ಆಮೇಲೆ ಮೇಲ್ಮನವಿ ಕೋರ್ಟಿನ ಮಾತಿನಿಂದ ಅರ್ಥವಾಯಿತು: ಕೈದಿ ಎಚ್ಚರಗೊಂಡರೆ, ನೋವಿನ ಲಕ್ಷಣ ಕಂಡರೆ, ಅವರೇ ಮುಂದಾಗಿ ಮತ್ತಷ್ಟು ಔಷಧ ಕೊಡಬೇಕು. ಅಂದರೆ ಸಾವನ್ನು ಪೂರೈಸಬೇಕು. ಕೆಲವೇ ಗಂಟೆ ಉಳಿದಿರುವಾಗ ಇಬ್ಬರೂ ಹಿಂದೆ ಸರಿದರು. ಮರಣದಂಡನೆ ನಿಂತಿತು. ಆವತ್ತಿನಿಂದ ಈವರೆಗೆ ಕ್ಯಾಲಿಫೋರ್ನಿಯಾದಲ್ಲಿ ಒಬ್ಬರಿಗೂ ಮರಣದಂಡನೆ ಜಾರಿಯಾಗಿಲ್ಲ.

ಆ ಇಬ್ಬರು ಯಾರೆಂದು ನಮಗೆ ಗೊತ್ತಿಲ್ಲ, ಗೊತ್ತಾಗುವುದೂ ಬೇಡ. ಆದರೆ ಅವರಿಗೆ ಹೊಳೆದದ್ದೇ ನನ್ನ ಉತ್ತರ. ಥಿಯೇಟರಿನಲ್ಲಿ ಬಿ.ಪಿ. ಬಿದ್ದರೆ ನಾವು ಎತ್ತುತ್ತೇವೆ. ಉಸಿರು ನಿಂತರೆ ಬ್ಯಾಗ್ ಹಿಡಿಯುತ್ತೇವೆ. ಏನೋ ತಪ್ಪುತ್ತಿದೆ ಅನ್ನಿಸಿದರೆ ಸರ್ಜನ್ ಎಷ್ಟೇ ದೊಡ್ಡವರಿರಲಿ “ಸರ್, ನಿಲ್ಲಿಸಿ” ಎನ್ನುವ ಅಧಿಕಾರ ನಮಗಿದೆ. ನಮ್ಮ ಕೌಶಲ ಅನ್ನುವುದೆಲ್ಲ ಈ ಅಧಿಕಾರಕ್ಕೆ ಅಂಟಿಕೊಂಡೇ ಇದೆ. ಆ ಕೋಣೆಯಲ್ಲಿ ಅದಿಲ್ಲ. ಅಲ್ಲಿ ಕೈದಿ ಕಣ್ಣು ಬಿಟ್ಟರೆ ನಾವು ಮಾಡಬಹುದಾದ್ದು ಒಂದೇ, ಇನ್ನೊಂದು ಸಿರಿಂಜು. ಒಪ್ಪಿಗೆಯ ವಿಷಯ ಬೇರೆ. ಕೈದಿ ಸಹಿ ಹಾಕಿದರೂ ಅದು ಒಪ್ಪಿಗೆಯಲ್ಲ, ಬೇಡ ಅಂದರೆ ಮನೆಗೆ ಹೋಗಬಹುದಾದವನು ಹಾಕಿದ ಸಹಿಯಷ್ಟೇ ಒಪ್ಪಿಗೆ.

ಕೌಶಲ ಇದ್ದರೆ ಎಲ್ಲ ಸರಿಹೋಗುತ್ತದೆ ಎಂಬ ಭರವಸೆಯೂ ನಿಜವಾಗಿಲ್ಲ. 2014ರ ಏಪ್ರಿಲ್ 29ರಂದು ಒಕ್ಲಹೋಮಾದಲ್ಲಿ ಕ್ಲೇಟನ್ ಲಾಕೆಟ್‌ನನ್ನು ಸಾಯಿಸುವಾಗ ಕೋಣೆಯಲ್ಲಿ ವೈದ್ಯರೇ ಇದ್ದರು. ತೋಳು, ಕತ್ತು, ಕಾಲು ಎಲ್ಲ ಮುಗಿದ ಮೇಲೆ ತೊಡೆಸಂದಿಯ ಫೀಮೊರಲ್ ನಾಳಕ್ಕೆ ಸೂಜಿ ಹಾಕಿ, ಮರ್ಯಾದೆಗೆಂದು ಮೇಲೆ ಬಟ್ಟೆ ಹೊದಿಸಿದರು. ಔಷಧ ಮಾಂಸಕ್ಕೆ ಹೋಗುತ್ತಿದ್ದದ್ದು ಆ ಬಟ್ಟೆಯ ಅಡಿಯಲ್ಲಿ ಯಾರಿಗೂ ಕಾಣಲಿಲ್ಲ. ಆತ ತಲೆ ಎತ್ತಿ ಮಾತಾಡಲು ನೋಡಿದ, ಒದ್ದಾಡಿದ, ಶುರುವಾದ 43 ನಿಮಿಷಕ್ಕೆ ಸತ್ತ. ಅದೇ ವರ್ಷದ ಜುಲೈನಲ್ಲಿ ಅರಿಝೋನಾದ ಜೋಸೆಫ್ ವುಡ್‌ಗೆ ಮಿಡಾಜೋಲಂ ಮತ್ತು ಹೈಡ್ರೋಮಾರ್ಫೋನ್ ಅನ್ನು 15 ಸಲ ಕೊಡಬೇಕಾಯಿತು, ಸುಮಾರು ಎರಡು ಗಂಟೆ. ಮಿಡಾಜೋಲಂ ಒಂದರಿಂದಲೇ ಆಳವಾದ ಅರಿವಳಿಕೆ ಬರುವುದಿಲ್ಲ ಎಂದು ನಮ್ಮ ಮೊದಲ ವರ್ಷದ ಪಿ.ಜಿ.ಗೂ ಗೊತ್ತು. ಆದರೂ 2015ರಲ್ಲಿ ಗ್ಲಾಸಿಪ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಐದು ನಾಲ್ಕರ ಬಹುಮತದಿಂದ ಅದನ್ನು ಒಪ್ಪಿತು. 2019ರ ಬಕ್ಲ್ಯೂ ಪ್ರಕರಣದಲ್ಲಿ, ನೋವಿಲ್ಲದ ಸಾವನ್ನು ಸಂವಿಧಾನ ಯಾರಿಗೂ ಖಾತ್ರಿಪಡಿಸಿಲ್ಲ ಎಂದೂ ಹೇಳಿತು. ಎಷ್ಟು ವಿಚಿತ್ರ ನೋಡಿ. ನೋವಿಲ್ಲ ಎಂದು ಹೇಳಿಯೇ ಮನೆಯೊಳಗೆ ಬಂದ ಪದ್ಧತಿ, ಬೇರು ಬಿಟ್ಟ ಮೇಲೆ, ನೋವಿನ ಮಾತೇ ಯಾಕೆ ಎನ್ನುತ್ತದೆ.

ಈ ಔಷಧಗಳ ಕಥೆಯಲ್ಲಿ ನಮ್ಮ ದೇಶದ ಹೆಸರೂ ಸೇರಿದೆ. ಅಮೆರಿಕದಲ್ಲಿ ಥಯೋಪೆಂಟೋನ್ ಮಾಡುತ್ತಿದ್ದ ಕೊನೆಯ ಕಂಪನಿ ಹೋಸ್ಪಿರಾ. ಅದು ತಯಾರಿಕೆಯನ್ನು ಇಟಲಿಗೆ ಸಾಗಿಸಲು ಹೊರಟಾಗ, ಮರಣದಂಡನೆಗೆ ಹೋಗದಂತೆ ಖಾತ್ರಿ ಕೊಡಿ ಎಂದು ಅಲ್ಲಿಯ ಸರ್ಕಾರ ಕೇಳಿತು. ಕೊಡಲಾಗದೆ 2011ರ ಜನವರಿಯಲ್ಲಿ ಕಂಪನಿ ಔಷಧವನ್ನೇ ನಿಲ್ಲಿಸಿತು. ಜೈಲುಗಳು ಊರೂರು ಹುಡುಕಲು ಶುರುಮಾಡಿದವು. ಲಂಡನ್ನಿನಲ್ಲಿ ಒಂದು ಡ್ರೈವಿಂಗ್ ಸ್ಕೂಲಿನ ಹಿಂದಿನ ಕೋಣೆಯಿಂದ ವ್ಯಾಪಾರ ಮಾಡುತ್ತಿದ್ದ ಸಂಸ್ಥೆಯಿಂದ ತರಿಸಿಕೊಂಡವು. ಮುಂಬೈನ ಕೇಯೆಮ್ ಫಾರ್ಮಾಸ್ಯುಟಿಕಲ್ಸ್‌ನಿಂದ ನೆಬ್ರಾಸ್ಕ ತರಿಸಿಕೊಂಡಿತು. ಸುದ್ದಿ ಹೊರಬಿದ್ದ ಮೇಲೆ, 2011ರ ಏಪ್ರಿಲ್‌ನಲ್ಲಿ, ಹಿಂದೂ ಧರ್ಮದ ಮೌಲ್ಯಗಳನ್ನು ಗೌರವಿಸುವ ನಾವು ಈ ಉದ್ದೇಶಕ್ಕೆ ಇನ್ನು ಮಾರುವುದಿಲ್ಲ ಎಂದು ಆ ಕಂಪನಿ ಪ್ರಕಟಿಸಿತು. ನಾನು ಹೆಚ್ಚೇನೂ ಧಾರ್ಮಿಕನಲ್ಲ. ಆದರೂ ವ್ಯಾಪಾರ ಮಾಡುವವರು ಹೀಗೆ ಬಾಯಿಬಿಟ್ಟು ಹೇಳಿದರಲ್ಲ, ವೈದ್ಯರ ಸಂಘಗಳಾದ ನಾವು ಏನು ಹೇಳಿದ್ದೇವೆ ಎಂದು ಕೇಳಿಕೊಳ್ಳುವಂತಾಯಿತು. ಕೋಲ್ಕತ್ತದ ದಲ್ಲಾಳಿಯೊಬ್ಬರು 2015ರಲ್ಲೂ ಈ ವ್ಯಾಪಾರ ನಡೆಸುತ್ತಿದ್ದರು. ನೆಬ್ರಾಸ್ಕ 54,400 ಡಾಲರ್ ಕಟ್ಟಿ ಔಷಧ ಕಾಣದೆ ಕೂತಿತು. ಟೆಕ್ಸಾಸಿಗೂ ಅರಿಝೋನಾಕ್ಕೂ ಭಾರತದಿಂದ ಹೋದ ಪೊಟ್ಟಣಗಳನ್ನು ಅಲ್ಲಿಯ ಔಷಧ ನಿಯಂತ್ರಣ ಇಲಾಖೆ ವಿಮಾನ ನಿಲ್ದಾಣದಲ್ಲೇ ತಡೆಹಿಡಿಯಿತು.

ಇದರಿಂದ ನಷ್ಟವಾದದ್ದು ರೋಗಿಗಳಿಗೆ. ಥಯೋಪೆಂಟೋನ್ ಅಮೆರಿಕದ ಆಸ್ಪತ್ರೆಗಳಿಂದಲೇ ಮಾಯವಾಯಿತು. 2013ರಲ್ಲಿ ಮಿಸ್ಸೌರಿ ಪ್ರೊಪೋಫಾಲ್ ಬಳಸಲು ಹೊರಟಾಗ ಇನ್ನೂ ದೊಡ್ಡ ಗಂಡಾಂತರ ಎದುರಾಯಿತು. ಅಲ್ಲಿ ಬಳಕೆಯಾಗುವ ಪ್ರೊಪೋಫಾಲ್‌ನ ಬಹುಭಾಗ ಯುರೋಪಿನಿಂದ ಬರುತ್ತಿತ್ತು. ಮರಣದಂಡನೆಗೆ ಬಳಸಿದರೆ ಯುರೋಪಿಯನ್ ಒಕ್ಕೂಟ ರಫ್ತಿಗೆ ಕಡಿವಾಣ ಹಾಕುವ ಭಯ. ವರ್ಷಕ್ಕೆ ಸುಮಾರು ಐದು ಕೋಟಿ ಸಲ ಬಳಕೆಯಾಗುವ ಔಷಧ ಅದು. ಅರಿವಳಿಕೆ ವೈದ್ಯರು ಗದ್ದಲ ಎಬ್ಬಿಸಿದರು, ಅಕ್ಟೋಬರಿನಲ್ಲಿ ರಾಜ್ಯಪಾಲ ಜೇ ನಿಕ್ಸನ್ ಆ ಮರಣದಂಡನೆಯನ್ನು ತಡೆದರು. ನಮ್ಮ ಆಸ್ಪತ್ರೆಗಳಲ್ಲಿ ಪ್ರೊಪೋಫಾಲ್ ಸ್ಟಾಕ್ ಮುಗಿದರೆ ಒಂದು ದಿನದ ಪಟ್ಟಿ ಏನಾಗುತ್ತದೆಂದು ಯೋಚಿಸಿ ನೋಡಿ.

ಈಗ ನಮ್ಮ ಮನೆಯ ಮಾತು, ಸ್ವಲ್ಪ ಕಹಿಯಾದದ್ದು. ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್ 1980ರಿಂದ ಒಂದು ಗೆರೆ ಎಳೆದಿದೆ. ಔಷಧ ಬರೆದುಕೊಡುವುದು, ನಾಳ ಹುಡುಕುವುದು, ಲೈನ್ ಹಾಕುವುದು, ಮಾನಿಟರ್ ನೋಡುವುದು, ಸಲಹೆ ಕೊಡುವುದು ಎಲ್ಲ ನಿಷಿದ್ಧ. ಪ್ರಾಣ ಹೋಯಿತು ಎಂದು ಬೇರೆಯವರು ಘೋಷಿಸಿದ ಮೇಲೆ ಪ್ರಮಾಣಪತ್ರಕ್ಕೆ ಸಹಿ ಹಾಕಬಹುದು. ಪ್ರಾಣ ಹೋಯಿತೇ ಎಂದು ನೋಡಿ ಹೇಳುವುದು ಮಾತ್ರ ಆಗದು. ಮೊದಲು ಓದಿದಾಗ ಇದು ಕೂದಲು ಸೀಳುವ ತರ್ಕ ಅನ್ನಿಸಬಹುದು. ಆದರೆ ಸ್ಟೆತಸ್ಕೋಪ್ ಇಟ್ಟು “ಇನ್ನೂ ಬಡಿಯುತ್ತಿದೆ” ಎಂದು ವೈದ್ಯ ಹೇಳಿದರೆ ಅದರ ಅರ್ಥ “ಮುಂದುವರಿಸಿ” ಎಂದೇ ಅಲ್ಲವೇ? ನಮ್ಮ ಜೈಲುಗಳಲ್ಲಿ ಇದು ಬ್ರಿಟಿಷರ ಕಾಲದಿಂದ ನಡೆಯುತ್ತಾ ಬಂದಿದೆ. ನೇಣಿನ ಹೊತ್ತಿಗೆ ವೈದ್ಯಾಧಿಕಾರಿ ಅಲ್ಲಿರಲೇಬೇಕು. ಪಂಜಾಬ್ ಜೈಲು ಕೈಪಿಡಿಯಲ್ಲಿ ದೇಹವನ್ನು ಅರ್ಧ ಗಂಟೆ ನೇತಾಡಿಸಬೇಕೆಂದಿತ್ತು. ಅದು ಸತ್ತವರ ಘನತೆಗೆ ಕುಂದು ಎಂದು ಪರಮಾನಂದ ಕಟಾರಾ ಪ್ರಕರಣದಲ್ಲಿ, 1995ರಲ್ಲಿ, ಸುಪ್ರೀಂ ಕೋರ್ಟು ಹೇಳಿ, ವೈದ್ಯರು ಸತ್ತಿದ್ದಾನೆಂದ ಕೂಡಲೇ ಇಳಿಸಬೇಕೆಂದಿತು. ಸದುದ್ದೇಶದ ತೀರ್ಪೇ. ಹಗ್ಗ ಬಿಚ್ಚುವ ಮಾತು ಮಾತ್ರ ಪೂರ್ತಿಯಾಗಿ ವೈದ್ಯನ ಬಾಯಿಗೆ ಬಂತು. 2014ರಲ್ಲಿ ಶತ್ರುಘ್ನ ಚೌಹಾಣ್ ಪ್ರಕರಣದ ನಂತರ ಮರಣೋತ್ತರ ಪರೀಕ್ಷೆ ಕಡ್ಡಾಯವಾಗಿದೆ. ಅದು ಸರಿಯಾದದ್ದೇ, ಪ್ರಭುತ್ವ ಏನು ಮಾಡಿತೆಂಬುದಕ್ಕೆ ದಾಖಲೆ ಬೇಕು. ಒಟ್ಟಿನಲ್ಲಿ ನಮ್ಮ ಜೈಲು ವೈದ್ಯರು ಈಗಾಗಲೇ ಆ ಗೆರೆ ದಾಟಿ ನಿಂತಿದ್ದಾರೆ, ಯಾರೂ ಅವರನ್ನು ಕೇಳಿರಲಿಲ್ಲ. ನಾಳೆ ಇಂಜೆಕ್ಷನ್ ಬಂದಾಗ “ವೈದ್ಯರು ಹೇಗೂ ಇರುತ್ತಾರಲ್ಲ” ಎಂಬ ವಾದ ಇಲ್ಲಿಂದಲೇ ಏಳುತ್ತದೆ.

ನಿಮ್ಮನ್ನು ಕಾಪಾಡಲು ನಿಯಮವೇನಿದೆ? ವೈದ್ಯರ ನಡತೆಯ 2002ರ ನಿಯಮಾವಳಿಯಲ್ಲಿ ಚಿತ್ರಹಿಂಸೆಗೆ ನೆರವಾಗಬಾರದೆಂದಿದೆ, ದಯಾಮರಣ ಅನೈತಿಕ ಎಂದಿದೆ. ಮರಣದಂಡನೆಯಲ್ಲಿ ವೈದ್ಯರ ಪಾತ್ರದ ಬಗ್ಗೆ ನೇರವಾದ ನಿಯಮವಿಲ್ಲ. ಹೊಸ ವಿದ್ಯಾರ್ಥಿಗಳಿಗೆ ಈಗ ಚರಕ ಶಪಥ ಓದಿಸುತ್ತಾರೆ. ಒಳ್ಳೆಯದು. ಆದರೆ ಚರಕ ಸಂಹಿತೆಯ ಮೂಲ ಶಿಷ್ಯೋಪದೇಶದಲ್ಲಿ ರಾಜನ ದ್ವೇಷಕ್ಕೆ ಗುರಿಯಾದವರಿಗೆ ಔಷಧ ಕೊಡಬಾರದು ಎಂದೂ ಇದೆ. ವೇದಿಕೆಯ ಭಾಷಣಗಳಲ್ಲಿ ಆ ಸಾಲನ್ನು ಯಾರೂ ಎತ್ತುವುದಿಲ್ಲ. ಹಳೆಯ ಗ್ರಂಥಗಳು ಹಳೆಯ ರಾಜರ ನೆರಳಿನಲ್ಲಿ ಬರೆದವು. ಇಂದಿನ ಆದೇಶಕ್ಕೆ ಉತ್ತರ ಕೊಡಲು ಇಂದಿನ ಕಾಗದವೇ ಬೇಕು.

ಕಾಗದ ಎಷ್ಟು ಗಟ್ಟಿಯಾಗಿರಬೇಕು ಎಂಬುದಕ್ಕೆ ಎರಡು ಉದಾಹರಣೆ. ಉತ್ತರ ಕೆರೊಲಿನಾದ ವೈದ್ಯಕೀಯ ಮಂಡಳಿ 2007ರಲ್ಲಿ, ಮರಣದಂಡನೆಯಲ್ಲಿ ಭಾಗವಹಿಸಿದವರ ಮೇಲೆ ಶಿಸ್ತುಕ್ರಮ ಎಂದಿತು. 2009ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟು, ವೈದ್ಯರು ಹಾಜರಿರಬೇಕೆಂದು ಕಾನೂನೇ ಹೇಳುವಾಗ ಮಂಡಳಿಗೆ ಆ ಅಧಿಕಾರವಿಲ್ಲ ಎಂದು ಹೊಡೆದುಹಾಕಿತು. ಮರುವರ್ಷ ಅಮೆರಿಕನ್ ಬೋರ್ಡ್ ಆಫ್ ಅನಸ್ತೀಸಿಯಾಲಜಿ ಬೇರೆ ದಾರಿ ಹಿಡಿಯಿತು: ಇಂಜೆಕ್ಷನ್‌ನಲ್ಲಿ ಕೈಜೋಡಿಸಿದವರ ಬೋರ್ಡ್ ಸರ್ಟಿಫಿಕೇಟನ್ನೇ ರದ್ದು ಮಾಡಬಹುದು. ಪರವಾನಗಿ ಸರ್ಕಾರದ್ದು, ಸರ್ಟಿಫಿಕೇಟು ವೃತ್ತಿಯದ್ದು. ಅದನ್ನು ಕೋರ್ಟು ಮುಟ್ಟುವುದು ಕಷ್ಟ. ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ನಮ್ಮ ಕನ್ನಡದ ಅರಿವಳಿಕೆ ವೈದ್ಯರೂ ಇದೇ ನಿಯಮದ ಕೆಳಗೆ ಇದ್ದಾರೆ. ಹ್ಯೂಸ್ಟನ್ನಿನಲ್ಲಿರುವ ನಮ್ಮ ಹುಡುಗಿಗೆ ಸಿಕ್ಕ ರಕ್ಷಣೆ ಹುಬ್ಬಳ್ಳಿಯಲ್ಲಿರುವವಳಿಗೆ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ನಮ್ಮ ಅರಿವಳಿಕೆ ವೈದ್ಯರ ಸಂಘದ ರಾಜ್ಯ ಶಾಖೆಯ ಮುಂದಿನ ಸಮ್ಮೇಳನದ ಸರ್ವಸದಸ್ಯರ ಸಭೆಯಲ್ಲಿ ಒಂದು ಠರಾವು ಮಂಡಿಸಿ. ಊಟಕ್ಕೆ ಮುಂಚೆ ಮಂಡಿಸಿ, ಆಮೇಲೆ ಕೋರಂ ಇರುವುದಿಲ್ಲ. ಮರಣದಂಡನೆಗಾಗಿ ಲೈನ್ ಹಾಕುವುದು, ಔಷಧ ಆರಿಸುವುದು, ಡೋಸ್ ಹೇಳುವುದು, ಸಿಬ್ಬಂದಿಗೆ ತರಬೇತಿ ಕೊಡುವುದು, ತಜ್ಞರ ಸಮಿತಿಯಲ್ಲಿ ಕೂತು ಪ್ರೋಟೋಕಾಲ್ ಬರೆಯುವುದು ಇಷ್ಟೂ ನಮ್ಮ ಸದಸ್ಯರಿಗೆ ಸಲ್ಲದು, ಮಾಡಿದವರ ಸದಸ್ಯತ್ವ ಹೋಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಪ್ರೋಟೋಕಾಲ್ ಬರೆಯುವ ಮಾತನ್ನು ಸೇರಿಸಲು ಮರೆಯಬೇಡಿ, ಒಕ್ಲಹೋಮಾದಲ್ಲಿ ಸೂಜಿ ಮುಟ್ಟದೆ ಸೂತ್ರ ಹೇಳಿದವರಿಂದಲೇ ಎಲ್ಲ ಶುರುವಾದದ್ದು. ಸರ್ಕಾರಿ ಸೇವೆಯಲ್ಲಿರುವ ಸದಸ್ಯರು ನಿರಾಕರಿಸಿ ಮೆಮೋ ಪಡೆದರೆ ವಕೀಲರ ಖರ್ಚನ್ನು ಸಂಘ ಭರಿಸುತ್ತದೆ ಎಂಬ ಸಾಲೂ ಇರಲಿ. ಆ ಸಾಲಿಲ್ಲದಿದ್ದರೆ ಉಳಿದದ್ದೆಲ್ಲ ಬಾಂಡ್ ಅವಧಿಯಲ್ಲಿರುವವರ ಪಾಲಿಗೆ ಉಪದೇಶ ಮಾತ್ರ. ಜೈಲು ವೈದ್ಯರಲ್ಲಿ ಒಂದಿಬ್ಬರನ್ನು ಸಭೆಗೆ ಕರೆಯಿರಿ, ಅವರ ಮಾತನ್ನೂ ಕೇಳಿ ಕರಡು ತಿದ್ದಿ. ಪ್ರತಿಗಳು ರಾಷ್ಟ್ರೀಯ ವೈದ್ಯಕೀಯ ಆಯೋಗಕ್ಕೆ, ಕೇಂದ್ರ ಕಾನೂನು ಸಚಿವಾಲಯಕ್ಕೆ, ರಾಜ್ಯದ ಕಾರಾಗೃಹ ಇಲಾಖೆಗೆ ಹೋಗಲಿ.

ಮರಣದಂಡನೆಯ ಹಿಂದಿನ ರಾತ್ರಿ ಕೈದಿ ನಿದ್ದೆ ಬಾರದೆ ಮಾತ್ರೆ ಕೇಳಿದರೆ ಕೊಡಬಹುದೇ ಎಂದು ಯಾರಾದರೂ ಸಭೆಯಲ್ಲಿ ಕೇಳುತ್ತೀರಿ. ಕೊಡಬಹುದು, ಕೊಡಬೇಕು. ಅವನು ಕೇಳಿದ್ದರೆ ಅವನು ರೋಗಿ. ಇದನ್ನೂ ಠರಾವಿನಲ್ಲಿ ಸೇರಿಸಿ.

ಇಂತಿ ನಿಮ್ಮವನೇ ಆದ
ಒಬ್ಬ ನಿವೃತ್ತ ಅರಿವಳಿಕೆ ವೈದ್ಯ